ಮರದ ಚೌಕಟ್ಟಿನ ಗೋಡೆ

ಗೋಡೆಯೆಂದೊಡನೆ ನಮಗೆ ಮೊದಲು ನೆನಪಾಗುವುದು ಅದರ ದಪ್ಪ. ಮಣ್ಣಿನ ಗೋಡೆಯಾಗಲಿ, ಸುಟ್ಟ ಇಟ್ಟಿಗೆಯ ಗೋಡೆಯಾಗಲಿ, ಕಲ್ಲಿನ ಗೋಡೆಯಾಗಲಿ, ದಪ್ಪವಾಗಿದ್ದಷ್ಟೂ ಭದ್ರವೆಂಬುದು ನಮ್ಮಲ್ಲಿ ಬಹುಕಾಲದಿಂದ ಬಂದ ನಂಬಿಕೆ. ಈ ನಂಬಿಕೆಯಲ್ಲಿ ಸತ್ಯವಿಲ್ಲದೆ ಇಲ್ಲ. ಕಲ್ಲು ಇಟ್ಟಿಗೆಗಳ ಗೋಡೆಯು ಮುಖ್ಯವಾಗಿ ತನ್ನ ತೂಕದಿಂದಲೇ ನೆಲೆನಿಲ್ಲತಕ್ಕದ್ದು. ಆದರೆ ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿಯೂ ಕೆನಡಾ ದೇಶದಲ್ಲಿಯೂ ಸಾಮಾನ್ಯ ಜನರು ವಾಸಿಸುವ ಮನೆಗಳಲ್ಲಿ ಹೆಚ್ಚಿನವುಗಳಿಗೆ ಇಂಥ ಗೋಡೆಯೇ ಇಲ್ಲ. ಅಲ್ಲಿ ಎರಡು ಮೂರು ಅಂತಸ್ತಿನ ಮನೆಯನ್ನು ಹೊತ್ತು ನಿಂತಿರುವುದು ಒಂದೂವರೆ ಅಂಗುಲ ದಪ್ಪದ, ಮೂರೂವರೆ ಅಥವಾ ಐದೂವರೆ ಅಂಗುಲ ಅಗಲದ ಮರದ ಪಟ್ಟಿಗಳು. ನಮ್ಮ ಹೆಂಚಿನ ಮನೆಯ ತೊಲೆಯನ್ನು ನೋಡಿದ ಕಣ್ಣಿಗೆ ಇವು ರೀಪರಿಗಿಂತ ಸ್ವಲ್ಪ ದಪ್ಪವಾಗಿ ಕಂಡಾವು, ಅಷ್ಟೆ. ಇಂಥ ಪಟ್ಟಿಗಳು ಮಾಡಿನ ಭಾರವನ್ನೂ ಹಿಮದ ಭಾರವನ್ನೂ ಬಿರುಗಾಳಿಯ ಹೊಡೆತವನ್ನೂ ತಡೆಯುವುದೆಂತು? ಆ ದೇಶಗಳಲ್ಲಿ ಮರಗೆಲಸವನ್ನು ಕಲಿಯಲು ಬರುವ ಹುಡುಗನಿಗೆ ಮೊದಲು ಹೇಳಿಕೊಡುವ ಪಾಠಗಳಲ್ಲಿಯೇ ಇದಕ್ಕೆ ಉತ್ತರವಿದೆ. ಆ ಪಾಠಗಳನ್ನು ಇಲ್ಲಿ ಒಂದೊಂದಾಗಿ ಪರಿಶೀಲಿಸೋಣ. ಬಡಗಿಗಳಲ್ಲದವರಿಗೂ ಇದರಿಂದ ಪ್ರಯೋಜನವುಂಟು. ಏಕೆಂದರೆ ಗೋಡೆಯ ಕರ್ತವ್ಯವೇನೆಂಬುದು ಈ ಬರಿಯ ಎಲುಬುಗೂಡಿನಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಗಾರೆ ಮೆತ್ತಿದ ಗೋಡೆಯಲ್ಲಿ ಕಾಣುವುದಿಲ್ಲ.

ಈ ಪದ್ಧತಿಯು ಬಹಳ ಪುರಾತನವಾದುದಲ್ಲ. ಹಿಂದೆ ಇಂಗ್ಲೆಂಡಿನಲ್ಲಿಯೂ ಅಲ್ಲಿಂದ ವಲಸೆಹೋದವರು ನೆಲಸಿದ ಅಮೆರಿಕೆಯಲ್ಲಿಯೂ ಮರದ ಮನೆಯೆಂದರೆ ದಪ್ಪ ಕಂಬಗಳು, ದಪ್ಪ ತೊಲೆಗಳು; ಒಂದರ ತುದಿಯನ್ನು ಮೊನೆಯಾಗಿ ಕೆತ್ತಿ, ಇನ್ನೊಂದರಲ್ಲಿ ಕೊರೆದ ಕಂಡಿಗೆ ಅದನ್ನು ಕೂಡಿಸಿ, ಮರದ ಬೆಣೆ ಹೊಡೆದು ಬಿಗಿಮಾಡುತ್ತಿದ್ದರು. ಇದು ನುರಿತ ಬಡಗಿಯ ಕೆಲಸ. ಕಟ್ಟಿದ ಚೌಕಟ್ಟನ್ನು ಎತ್ತಿ ನಿಲ್ಲಿಸಲು ಊರವರೆಲ್ಲ ಸೇರಬೇಕಾಗುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಎರಡು ಸಂಗತಿಗಳು ಈ ಸ್ಥಿತಿಯನ್ನು ಬದಲಾಯಿಸಿದವು. ಯಂತ್ರದ ಗರಗಸಗಳು ಒಂದೇ ಅಳತೆಯ ತೆಳು ಪಟ್ಟಿಗಳನ್ನು ರಾಶಿರಾಶಿಯಾಗಿ ಕೊಯ್ದು ಕೊಡತೊಡಗಿದವು. ಕಮ್ಮಾರನು ಒಂದೊಂದಾಗಿ ಬಡಿದು ಮಾಡುತ್ತಿದ್ದ ಮೊಳೆಯನ್ನು ಯಂತ್ರವು ಸುಲಭಬೆಲೆಗೆ ಮಾಡಿಕೊಟ್ಟಿತು. ಷಿಕಾಗೋ ನಗರವು ಆಗತಾನೆ ಬೆಳೆಯುತ್ತಿದ್ದ ಕಾಲ ಅದು; ಮನೆಗಳು ಬೇಗ ಬೇಕಾಗಿದ್ದವು, ನುರಿತ ಬಡಗಿಗಳು ಕಡಿಮೆ. ಅಲ್ಲಿ ೧೮೩೦ರ ದಶಕದಲ್ಲಿ ಬರಿಯ ಪಟ್ಟಿ ಮತ್ತು ಮೊಳೆಗಳಿಂದ ಕಟ್ಟುವ ಕ್ರಮವು ಪ್ರಸಿದ್ಧಿಗೆ ಬಂದಿತು. ಇದರ ಕೀರ್ತಿಯನ್ನು ಕೆಲವರು ಜಾರ್ಜ್ ಸ್ನೋ ಎಂಬಾತನಿಗೂ ಕೆಲವರು ಆಗಸ್ಟಿನ್ ಟೇಲರ್ ಎಂಬಾತನಿಗೂ ಕೊಡುತ್ತಾರೆ. ಈ ಕಟ್ಟಡಗಳಿಗೆ ‘ಬಲೂನು ಚೌಕಟ್ಟು’ ಎಂದು ಹೆಸರಾಯಿತು. ಅಷ್ಟು ಹಗುರವೆಂಬ ಭಾವ ಆ ಹೆಸರಿನಲ್ಲಿದೆ. ಆ ಹಗುರವಾದ ಚೌಕಟ್ಟೇ ಮುಂದೆ ತಿದ್ದುಪಾಟಾಗಿ ಇಂದಿನವರೆಗೆ ನಡೆದುಬಂದಿದೆ.

ಚಿತ್ರ ಬರೆದು ತೋರಿಸಲು ಇಲ್ಲಿ ಅವಕಾಶವಿಲ್ಲ. ಆದ್ದರಿಂದ ಶ್ರೋತೃಗಳು ಹನ್ನೆರಡು ಅಡಿ ಉದ್ದ, ಎಂಟು ಅಡಿ ಎತ್ತರದ ಒಂದು ಗೋಡೆಯನ್ನು ಮನಸ್ಸಿನಲ್ಲಿಯೇ ಕಟ್ಟಿಕೊಳ್ಳಬೇಕು. ನೆಲದ ಮೇಲೆ ಉದ್ದಕ್ಕೂ ಮಲಗಿರುವ ಪಟ್ಟಿಯೊಂದು, ಇದನ್ನು ಅಡಿಪಟ್ಟಿಯೆನ್ನೋಣ. ಇದರ ಮೇಲೆ ಸಾಲಾಗಿ ನೆಟ್ಟಗೆ ನಿಂತ ಪಟ್ಟಿಗಳು. ಅಲ್ಲಿಯವರು ‘ಸ್ಟಡ್’ ಎನ್ನುವ ಇವುಗಳನ್ನು ನಾವು ಕಿರುಗಂಬಗಳೆಂದು ಕರೆಯಬಹುದು. ಕಿರುಗಂಬಗಳ ತಲೆಯ ಮೇಲೆ ಒಂದರ ಮೇಲೊಂದು ಮಲಗಿರುವ ಎರಡು ತಲೆಪಟ್ಟಿಗಳು. ಮುಖ್ಯವಾದ ಅಂಗಗಳು ಇಷ್ಟೆ. ಕಿರುಗಂಬವು ಸುಮಾರು ತೊಂಬತ್ತೆರಡೂವರೆ ಅಂಗುಲ ಉದ್ದ. ಮೂರು ಅಡ್ಡಪಟ್ಟಿಗಳ ದಪ್ಪ ನಾಲ್ಕೂವರೆ ಅಂಗುಲ. ಒಟ್ಟು ಎತ್ತರ ಎಂಟು ಅಡಿಗೆ ಒಂದಂಗುಲ ಮೇಲೆ. ಆ ಒಂದಂಗುಲವು ಒಳಮಾಳಿಗೆಗೆ ಹೊಡೆಯುವ ಹಲಗೆಯ ದಪ್ಪಕ್ಕೆ ಬಿಟ್ಟ ಜಾಗ.

ತಲೆಪಟ್ಟಿ ಎರಡೇಕೆ? ಮೇಲಿನ ಜಂತೆಗಳೆಲ್ಲವೂ ಕಿರುಗಂಬದ ನೇರಕ್ಕೇ ಬಂದು ಕೂರುವುದಿಲ್ಲ. ಎರಡರ ನಡುವೆ ಬಿದ್ದ ಜಂತೆಯ ಭಾರವನ್ನು ಅಕ್ಕಪಕ್ಕದ ಕಿರುಗಂಬಗಳಿಗೆ ಹಂಚಲು ಒಂದು ಪಟ್ಟಿ ಸಾಲದು. ಇದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದು. ಉದ್ದವಾದ ಗೋಡೆಯಲ್ಲಿ ಒಂದೇ ಪಟ್ಟಿ ಕೊನೆಯವರೆಗೆ ಬರಲಾರದು. ಎಲ್ಲಿಯಾದರೂ ಸಂದು ಬರಲೇಬೇಕು. ಕೆಳಗಿನ ಪಟ್ಟಿಯ ಸಂದಿಗೂ ಮೇಲಿನದರ ಸಂದಿಗೂ ಕನಿಷ್ಠ ಎರಡು ಅಡಿ ಅಂತರವಿಡಬೇಕೆಂಬುದು ನಿಯಮ. ಇಟ್ಟಿಗೆಯ ವರಸೆಯಲ್ಲಿ ಸಂದಿನ ಮೇಲೆ ಸಂದು ಬಾರದಂತೆ ನಮ್ಮ ಗಾರೆಯವರು ಇಡುವುದಿಲ್ಲವೆ? ಅದೇ ನ್ಯಾಯ. ಮೂಲೆಗಳಲ್ಲಿ ಒಂದು ಗೋಡೆಯ ಮೇಲುಪಟ್ಟಿ ಮತ್ತೊಂದು ಗೋಡೆಯ ಮೇಲೆ ಹಾದು ಕೂರುತ್ತದೆ. ಹೀಗೆ ನಾಲ್ಕು ಗೋಡೆಗಳೂ ಒಂದು ನಡುಕಟ್ಟಿನಲ್ಲಿ ಬಿಗಿದಂತಾಗುತ್ತವೆ.

ಕಿರುಗಂಬಗಳ ನಡುವಣ ದೂರವು ಮಧ್ಯದಿಂದ ಮಧ್ಯಕ್ಕೆ ಹದಿನಾರು ಅಂಗುಲ, ಕೆಲವೆಡೆ ಇಪ್ಪತ್ತನಾಲ್ಕು. ಈ ಲೆಕ್ಕ ಬಂದುದು ಸುಮ್ಮನೆಯಲ್ಲ. ಹೊರಗೆ ಹೊದಿಸುವ ಪ್ಲೈವುಡ್ಡಿನ ಹಲಗೆ ನಾಲ್ಕು ಅಡಿ ಅಗಲ, ಎಂಟು ಅಡಿ ಉದ್ದ. ನಾಲ್ಕು ಅಡಿಯೆಂದರೆ ನಾಲ್ವತ್ತೆಂಟು ಅಂಗುಲ. ಇದನ್ನು ಹದಿನಾರೂ ಇಪ್ಪತ್ತನಾಲ್ಕೂ ಶೇಷವಿಲ್ಲದೆ ಭಾಗಿಸುತ್ತವೆ. ಆದ್ದರಿಂದ ಹಲಗೆಯ ಅಂಚು ಯಾವಾಗಲೂ ಒಂದು ಕಿರುಗಂಬದ ಮೇಲೆಯೇ ಬಂದು ನಿಲ್ಲುತ್ತದೆ, ಮೊಳೆಗೆ ಆಧಾರ ದೊರೆಯುತ್ತದೆ.

ಗುರುತು ಹಾಕುವುದರಲ್ಲಿ ಶಿಷ್ಯನು ಮೊದಲ ದಿನವೇ ಕಲಿಯಬೇಕಾದ ಎರಡು ಸೂಕ್ಷ್ಮಗಳಿವೆ. ಒಂದನೆಯದು: ಗೋಡೆಯ ತುದಿಯಿಂದ ಎಳೆಯುವ ಮೊದಲ ಗೆರೆ ಹದಿನಾರು ಅಂಗುಲಕ್ಕಲ್ಲ, ಹದಿನೈದೂಕಾಲು ಅಂಗುಲಕ್ಕೆ. ಕಿರುಗಂಬದ ದಪ್ಪ ಒಂದೂವರೆ ಅಂಗುಲವಷ್ಟೆ. ಅದರ ಅಂಚನ್ನು ಹದಿನೈದೂಕಾಲಿಗೆ ಇಟ್ಟರೆ ಅದರ ಮಧ್ಯವು ಸರಿಯಾಗಿ ಹದಿನಾರಕ್ಕೆ ಬರುತ್ತದೆ. ಕಂಬವು ಗೆರೆಯ ಯಾವ ಮಗ್ಗುಲಿಗೆ ಬರಬೇಕೆಂಬುದನ್ನು ಕತ್ತರಿ ಗುರುತಿನಿಂದ ತೋರಿಸುತ್ತಾರೆ. ಎರಡನೆಯದು: ಎಲ್ಲ ಗುರುತುಗಳನ್ನೂ ಒಂದೇ ತುದಿಯಿಂದ ಅಳೆಯಬೇಕು, ಹಿಂದಿನ ಕಂಬದಿಂದ ಮುಂದಿನದಕ್ಕೆ ಅಳೆಯುತ್ತ ಹೋಗಬಾರದು. ನಮ್ಮ ಹನ್ನೆರಡು ಅಡಿಯ ಗೋಡೆಯಲ್ಲಿ ಒಂಬತ್ತು ಅಂಕಣ, ಹತ್ತು ಕಿರುಗಂಬ. ಪ್ರತಿಯೊಂದು ಅಂಕಣದಲ್ಲಿಯೂ ಅಂಗುಲದ ಎಂಟನೆಯ ಒಂದು ಪಾಲು ತಪ್ಪಿದರೆ ಕೊನೆಗೆ ಒಂದಂಗುಲಕ್ಕೂ ಮೀರಿದ ತಪ್ಪಾಗುತ್ತದೆ. ಹಲಗೆಯ ಅಂಚು ಮರವನ್ನು ಬಿಟ್ಟು ಬರಿಯ ಗಾಳಿಯಲ್ಲಿ ನಿಲ್ಲುತ್ತದೆ.

ಇನ್ನು ಮರದ ಗುಣ. ಮರವು ಕಬ್ಬಿಣದಂತೆ ಎಲ್ಲ ಕಡೆಗೂ ಒಂದೇ ಬಲವುಳ್ಳ ಪದಾರ್ಥವಲ್ಲ. ಅದರ ಎಳೆಗಳು ಬೇರಿನಿಂದ ಕೊಂಬೆಯ ಕಡೆಗೆ ಓಡುತ್ತವೆ. ಎಳೆಯ ಉದ್ದಕ್ಕೆ ಒತ್ತಿದರೆ ಬಹು ಭಾರವನ್ನು ತಾಳುತ್ತದೆ. ಅಡ್ಡಲಾಗಿ ಒತ್ತಿದರೆ ಅಷ್ಟು ತಾಳದು. ಹಸಿಯ ಮರವು ಪೂರ್ತಿ ಒಣಗುವಾಗ ಎಳೆಯ ಉದ್ದಕ್ಕೆ ಸಾವಿರಕ್ಕೆ ಒಂದೆರಡು ಪಾಲು ಮಾತ್ರ ಕುಗ್ಗುತ್ತದೆ; ಅಡ್ಡಲಾಗಿಯಾದರೋ ನೂರಕ್ಕೆ ಏಳೆಂಟು ಪಾಲಿನವರೆಗೂ ಕುಗ್ಗಬಹುದು. ಆದ್ದರಿಂದಲೇ ಭಾರ ಹೊರುವ ಪಟ್ಟಿಯನ್ನು ನೆಟ್ಟಗೆ ನಿಲ್ಲಿಸುವುದು. ಆದ್ದರಿಂದಲೇ ಒಣಗಿದ ಮರವನ್ನೇ ಆರಿಸುವುದು. ಪಟ್ಟಿಯಲ್ಲಿ ಸ್ವಲ್ಪ ಬಾಗು ಇದ್ದೇ ಇರುತ್ತದೆ. ಒಂದೊಂದನ್ನೂ ಕಣ್ಣಿನ ನೇರಕ್ಕೆ ಹಿಡಿದು ನೋಡಿ, ಉಬ್ಬಿದ ಮಗ್ಗುಲುಗಳೆಲ್ಲ ಒಂದೇ ಕಡೆಗೆ ಬರುವಂತೆ ಜೋಡಿಸಿದರೆ ಗೋಡೆಯು ಸಮನಾಗಿ ಕಾಣುತ್ತದೆ. ಒಂದು ಒಳಕ್ಕೆ ಒಂದು ಹೊರಕ್ಕೆ ಆದರೆ ಅಲೆಅಲೆಯಾಗುತ್ತದೆ.

ಇಲ್ಲಿಯವರೆಗೆ ಗೋಡೆಯಲ್ಲಿ ಬಾಗಿಲಿಲ್ಲ, ಕಿಟಕಿಯಿಲ್ಲ. ಬಾಗಿಲಿಗೆಂದು ಎರಡು ಕಿರುಗಂಬಗಳನ್ನು ನಡುವೆ ತೆಗೆದರೆ ಅವು ಹೊರಬೇಕಾಗಿದ್ದ ಭಾರವು ಎಲ್ಲಿಗೆ ಹೋಗಬೇಕು? ಕಾಲುವೆಯ ನೀರಿಗೆ ಬಂಡೆ ಅಡ್ಡಬಂದರೆ ನೀರು ಇಬ್ಬದಿಗೂ ಸೀಳಿಕೊಂಡು ಹರಿಯುವಂತೆ, ಭಾರಕ್ಕೂ ಪಕ್ಕದ ದಾರಿಯನ್ನು ಮಾಡಿಕೊಡಬೇಕು. ಬಾಗಿಲ ಮೇಲ್ಗಡೆ ಅಡ್ಡಲಾಗಿ ಒಂದು ತೊಲೆಯನ್ನಿಡುತ್ತಾರೆ. ಈ ತೊಲೆಯ ತುದಿಗಳು ಮೊಳೆಯ ಬಲದ ಮೇಲೆ ಜೋತಾಡಕೂಡದು. ಅವುಗಳ ಕೆಳಗೆ ಇಬ್ಬದಿಗೂ ಒಂದೊಂದು ಆನಿಕೆಯ ಕಂಬವು ಅಡಿಪಟ್ಟಿಯವರೆಗೂ ಇಳಿದಿರಬೇಕು. ಆನಿಕೆಯ ಕಂಬಕ್ಕೆ ಒತ್ತಿಕೊಂಡು ಪೂರ್ಣ ಎತ್ತರದ ಕಿರುಗಂಬವೊಂದು ನಿಂತಿರುತ್ತದೆ. ತೊಲೆಯ ಮೇಲಿನ ತೆರಪಿನಲ್ಲಿಯೂ ಕಿಟಕಿಯ ಕೆಳಗೂ ಹದಿನಾರು ಅಂಗುಲದ ಲೆಕ್ಕವನ್ನು ತಪ್ಪಿಸದೆ ಕುಳ್ಳು ಕಂಬಗಳನ್ನು ನಿಲ್ಲಿಸುತ್ತಾರೆ.

ತೊಲೆಯ ಹಲಗೆಗಳನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿಯೇ ಇಡುವರು. ಮಕ್ಕಳ ಅಡಿಕೋಲನ್ನು ಎರಡು ಪುಸ್ತಕಗಳ ಮೇಲೆ ಮಲಗಿಸಿ ಬೆರಳಿನಿಂದ ಒತ್ತಿ ನೋಡಿ, ಬಾಗುತ್ತದೆ. ಅದನ್ನೇ ಅಂಚಿನ ಮೇಲೆ ನಿಲ್ಲಿಸಿ ಒತ್ತಿ, ಬಾಗದು. ಎತ್ತರವು ಇಮ್ಮಡಿಯಾದರೆ ಬಾಗದಿರುವ ಶಕ್ತಿಯು ಎಂಟು ಮಡಿಯಾಗುತ್ತದೆಂಬುದು ಗಣಿತದಿಂದ ಸಿದ್ಧವಾದ ಮಾತು.

ಈ ಗೋಡೆಯನ್ನು ನಿಲ್ಲಿಸಿಕೊಂಡು ಕಟ್ಟುವುದಿಲ್ಲ. ನೆಲದ ಮೇಲೆ ಮಲಗಿಸಿ ಕಟ್ಟುತ್ತಾರೆ. ಅಡ್ಡಪಟ್ಟಿಯ ಮೂಲಕ ಪ್ರತಿಯೊಂದು ಕಿರುಗಂಬದ ತುದಿಗೂ ಮೂರೂವರೆ ಅಂಗುಲದ ಎರಡು ದಪ್ಪ ಮೊಳೆಗಳನ್ನು ಹೊಡೆಯುತ್ತಾರೆ. ಆಮೇಲೆ ಚೌಕಟ್ಟು ಮೂಲೆಮಟ್ಟಕ್ಕೆ ಸರಿಯಾಗಿದೆಯೇ ಎಂದು ಪರೀಕ್ಷಿಸಬೇಕು. ಇದಕ್ಕೆ ಸುಲಭವಾದ ಉಪಾಯವಿದೆ. ಒಂದು ಮೂಲೆಯಿಂದ ಎದುರು ಮೂಲೆಗೆ ದಾರ ಹಿಡಿದು ಅಳೆಯುವುದು. ಉಳಿದೆರಡು ಮೂಲೆಗಳ ನಡುವೆಯೂ ಹಾಗೆಯೇ ಅಳೆಯುವುದು. ಎದುರುಬದರಿನ ಬದಿಗಳು ಸಮನಾಗಿದ್ದು ಈ ಎರಡು ಕರ್ಣಗಳೂ ಸಮನಾದರೆ ನಾಲ್ಕು ಮೂಲೆಗಳೂ ನೇರಕೋನಗಳೆಂದು ತಿಳಿಯಬೇಕು. ಹೆಚ್ಚುಕಡಿಮೆಯಾಗಿದ್ದರೆ ಉದ್ದವಾಗಿರುವ ಕರ್ಣದ ಮೂಲೆಯನ್ನು ಸುತ್ತಿಗೆಯಿಂದ ಮೆಲ್ಲನೆ ತಟ್ಟಿ ಸರಿಪಡಿಸುವರು. ಶಾಲೆಯಲ್ಲಿ ರೇಖಾಗಣಿತವನ್ನು ಒಣ ಪಾಠವೆಂದು ಬೈದವರು ಅದರ ಉಪಯೋಗವನ್ನು ಇಲ್ಲಿ ಕಾಣಬಹುದು. ಬಳಿಕ ನಾಲ್ಕಾರು ಮಂದಿ ಹಿಡಿದು ಎತ್ತಿ ನಿಲ್ಲಿಸಿ, ಮಟ್ಟಗೋಲಿನಿಂದಲೂ ತೂಗುಗುಂಡಿನಿಂದಲೂ ನೇರವನ್ನು ನೋಡಿ, ತಾತ್ಕಾಲಿಕವಾದ ಓರೆಗೋಲುಗಳನ್ನು ಕೊಟ್ಟು ನಿಲ್ಲಿಸುತ್ತಾರೆ.

ಇಷ್ಟಾದರೆ ಗೋಡೆಯಾಯಿತೆಂದು ನೋಡಿದವರಿಗೆ ತೋರುತ್ತದೆ. ಕಲಿಯುವ ಹುಡುಗನಿಗೂ ಹಾಗೆಯೇ ತೋರುತ್ತದೆ. ಆದರೆ ಗೋಡೆಯ ಕರ್ತವ್ಯಗಳಲ್ಲಿ ಅರ್ಧ ಮಾತ್ರವೇ ಈಗ ನೆರವೇರಿದೆ. ಮೇಲಿನಿಂದ ಬರುವ ಭಾರವನ್ನು ನೆಲಕ್ಕೆ ಇಳಿಸುವ ದಾರಿ ಸಿದ್ಧವಾಯಿತು. ಗಾಳಿಯೋ ಭೂಕಂಪವೋ ಪಕ್ಕದಿಂದ ನೂಕಿದರೆ ಏನು ಗತಿ?

ನಾಲ್ಕು ಬಿದಿರ ಪಟ್ಟಿಗಳನ್ನು ಚೌಕವಾಗಿ ಇಟ್ಟು ಮೂಲೆಗೊಂದರಂತೆ ಮೊಳೆ ಹೊಡೆಯಿರಿ. ಒಂದು ಮೂಲೆಯನ್ನು ಪಕ್ಕಕ್ಕೆ ನೂಕಿದರೆ ಚೌಕವು ಓರೆಯಾಗಿ ಮಲಗಿಬಿಡುತ್ತದೆ. ಪಟ್ಟಿ ಯಾವುದೂ ಮುರಿಯಲಿಲ್ಲ, ಮೊಳೆ ಕಿತ್ತುಬರಲಿಲ್ಲ. ಆದರೂ ಚೌಕ ಬಿದ್ದಿತು. ಪಟ್ಟಿಗಳನ್ನು ಎಷ್ಟು ದಪ್ಪ ಮಾಡಿದರೂ ಈ ದೋಷವು ಹೋಗುವುದಿಲ್ಲ. ಈಗ ಮೂಲೆಯಿಂದ ಮೂಲೆಗೆ ಓರೆಯಾಗಿ ಐದನೆಯ ಪಟ್ಟಿಯೊಂದನ್ನು ಹೊಡೆಯಿರಿ. ಚೌಕವು ಎರಡು ತ್ರಿಕೋಣಗಳಾಯಿತು, ಅಲುಗದು. ಮೂರು ಬದಿಗಳ ಉದ್ದವು ನಿಶ್ಚಿತವಾದರೆ ತ್ರಿಕೋಣದ ಆಕಾರವು ಬದಲಾಗಲಾರದು. ಚೌಕಕ್ಕೆ ಈ ಗುಣವಿಲ್ಲ.

ಹಿಂದೆ ಗೋಡೆಗಳಿಗೆ ಇಂಥ ಓರೆಪಟ್ಟಿಯನ್ನೋ ಓರೆಯಾಗಿ ಹೊಡೆದ ಹಲಗೆಗಳನ್ನೋ ಕೊಡುತ್ತಿದ್ದರು. ಇಂದು ಬಹುಮಟ್ಟಿಗೆ ಪ್ಲೈವುಡ್ಡು ಅಥವಾ ಮರದ ಚಕ್ಕೆಗಳನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆಯು ಆ ಕೆಲಸವನ್ನು ಮಾಡುತ್ತದೆ. ಈ ಹೊದಿಕೆಯು ಮಳೆಗಾಳಿಗೆ ಅಡ್ಡವಾಗಿರುವ ಪರದೆ ಮಾತ್ರವೆಂದು ಭಾವಿಸಕೂಡದು. ಗೋಡೆಯು ಓರೆಯಾಗದಂತೆ ತಡೆಯುವುದು ಅದೇ. ಅದರ ಬಲವೆಲ್ಲ ಮೊಳೆಗಳ ಸಾಲಿನಲ್ಲಿದೆ. ಸಾಮಾನ್ಯವಾಗಿ ಅಂಚುಗಳಲ್ಲಿ ಆರು ಅಂಗುಲಕ್ಕೊಂದು, ನಡುವಣ ಕಂಬಗಳ ಮೇಲೆ ಹನ್ನೆರಡು ಅಂಗುಲಕ್ಕೊಂದು ಮೊಳೆ. ಮೊಳೆಯ ತಲೆಯು ಹಲಗೆಯ ಮೈಗೆ ಸಮನಾಗಿ ಕೂರಬೇಕು. ಆತುರದಿಂದ ಹೊಡೆದು ತಲೆಯು ಹಲಗೆಯ ಒಳಕ್ಕೆ ತೂರಿಹೋದರೆ ಹಿಡಿತವು ಕುಂದುತ್ತದೆ. ಈ ದೋಷವು ಬಣ್ಣ ಬಳಿದ ಮೇಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅಡಿಪಟ್ಟಿಯನ್ನು ತಳಪಾಯಕ್ಕೆ ಬಿಗಿಯುವ ಬೋಲ್ಟುಗಳೂ ಹಾಗೆಯೇ. ಅವು ಅರ್ಧ ಅಂಗುಲ ದಪ್ಪವಾಗಿ, ಆರು ಅಡಿಗೆ ಒಂದಕ್ಕಿಂತ ಕಡಿಮೆಯಿಲ್ಲದೆ, ಏಳು ಅಂಗುಲವಾದರೂ ಕಾಂಕ್ರೀಟಿನೊಳಗೆ ಇಳಿದಿರಬೇಕೆಂಬುದು ಅಮೆರಿಕೆಯ ಸಾಮಾನ್ಯ ನಿಯಮ. ಇವಿಲ್ಲದಿದ್ದರೆ ಗೋಡೆಯು ಗಟ್ಟಿಯಾಗಿಯೇ ಇದ್ದು ತಳಪಾಯದಿಂದ ಜಾರಿಹೋಗಬಹುದು.

ಇದು ಬರಿಯ ಶಾಸ್ತ್ರದ ಮಾತಲ್ಲ. ೧೯೯೪ನೆಯ ಜನವರಿ ೧೭ರ ಬೆಳಗಿನ ಜಾವ ಕ್ಯಾಲಿಫೋರ್ನಿಯಾದ ನಾರ್ತ್‌ರಿಡ್ಜ್ ಪ್ರದೇಶದಲ್ಲಿ ಭೂಕಂಪವಾಯಿತು. ಅಲ್ಲಿ ನಾರ್ತ್‌ರಿಡ್ಜ್ ಮೆಡೋಸ್ ಎಂಬ ಮೂರಂತಸ್ತಿನ ಮರದ ಚೌಕಟ್ಟಿನ ವಸತಿಗೃಹವಿತ್ತು. ನೆಲದಂತಸ್ತಿನ ಒಂದು ಭಾಗವನ್ನು ಮೋಟಾರುಗಾಡಿಗಳನ್ನು ನಿಲ್ಲಿಸಲು ತೆರೆದುಬಿಟ್ಟಿದ್ದರು. ಮೇಲಿನ ಅಂತಸ್ತುಗಳು ನೆಲದಂತಸ್ತಿನ ಮೇಲೆ ಕುಸಿದು ಹದಿನಾರು ಮಂದಿ ಸತ್ತರು. ಇದಕ್ಕೆ ನಾಲ್ಕು ವರ್ಷಕ್ಕೂ ಸ್ವಲ್ಪ ಹೆಚ್ಚು ಕಾಲ ಮೊದಲು, ೧೯೮೯ನೆಯ ಅಕ್ಟೋಬರ್ ೧೭ರ ಭೂಕಂಪದಲ್ಲಿ, ಸ್ಯಾನ್‌ಫ್ರಾನ್ಸಿಸ್ಕೋ ನಗರದ ಮರೀನಾ ಬಡಾವಣೆಯ ಮೂಲೆಮನೆಗಳು ಹೀಗೆಯೇ ಕುಸಿದಿದ್ದವು. ಅಲ್ಲಿಯೂ ಕೆಳಗಡೆ ಗ್ಯಾರೇಜಿನ ಬಾಗಿಲುಗಳೇ ಹೆಚ್ಚು, ಗೋಡೆ ಕಡಿಮೆ. ಬಾಗಿಲುಗಳ ಮೇಲೆ ತೊಲೆಗಳಿದ್ದವು, ತೊಲೆಗಳ ಕೆಳಗೆ ಕಂಬಗಳಿದ್ದವು. ಅವು ಪ್ರತಿದಿನದ ಭಾರವನ್ನು ವರ್ಷಗಟ್ಟಲೆ ಹೊತ್ತು ನಿಂತಿದ್ದವು. ಇಲ್ಲದೆ ಹೋದುದು ಪಕ್ಕಕ್ಕೆ ನೂಕಿದಾಗ ತಡೆಯತಕ್ಕ ಗೋಡೆ. ಸ್ಯಾನ್‌ಫ್ರಾನ್ಸಿಸ್ಕೋ ನಗರವು ೨೦೧೩ರಲ್ಲಿಯೂ ಲಾಸ್ ಏಂಜಲೀಸ್ ನಗರವು ೨೦೧೫ರಲ್ಲಿಯೂ ಇಂಥ ಹಳೆಯ ಕಟ್ಟಡಗಳ ನೆಲದಂತಸ್ತನ್ನು ಬಲಪಡಿಸಲೇಬೇಕೆಂದು ಕಾನೂನು ಮಾಡಿದವು.

ನಮ್ಮ ದೇಶದಲ್ಲಿ ಮರದ ಗೋಡೆಯ ಮನೆಗಳು ಕಡಿಮೆಯಾದುದರಿಂದ ಇದು ನಮಗೆ ಸಂಬಂಧಿಸಿದ ವಿಷಯವಲ್ಲವೆಂದು ಹೇಳುವಂತಿಲ್ಲ. ೨೦೦೧ನೆಯ ಜನವರಿ ೨೬ರ ಗುಜರಾತಿನ ಭೂಕಂಪದಲ್ಲಿ, ಭುಜ್ ಪಟ್ಟಣದಿಂದ ಬಹುದೂರದಲ್ಲಿರುವ ಅಹಮದಾಬಾದಿನಲ್ಲಿ ಕೂಡ, ನೆಲದಂತಸ್ತನ್ನು ಗಾಡಿ ನಿಲ್ಲಿಸಲು ತೆರೆದುಬಿಟ್ಟಿದ್ದ ಅನೇಕ ಕಾಂಕ್ರೀಟು ಕಟ್ಟಡಗಳು ಕುಸಿದವು. ಪದಾರ್ಥ ಬೇರೆ, ಕಾರಣ ಬಹುಮಟ್ಟಿಗೆ ಒಂದೇ. ಬೆಂಗಳೂರಿನಲ್ಲಿಯೂ ಕೆಳಗೆ ಬರಿಯ ಕಂಬಗಳು, ಮೇಲೆ ನಾಲ್ಕಾರು ಅಂತಸ್ತುಗಳು ಇರುವ ಕಟ್ಟಡಗಳಿಗೆ ಕೊರತೆಯಿಲ್ಲ.

ಈ ವಿದ್ಯೆಯು ಭಾರತಕ್ಕೆ ಅಪರಿಚಿತವೂ ಅಲ್ಲ. ಕಾಶ್ಮೀರದಲ್ಲಿ ‘ಧಜ್ಜಿ ದೀವಾರಿ’ ಎಂಬ ಹಳೆಯ ಪದ್ಧತಿಯಿದೆ. ಮರದ ತೆಳು ಪಟ್ಟಿಗಳಿಂದ ನೆಟ್ಟಗೂ ಅಡ್ಡಲೂ ಓರೆಯಾಗಿಯೂ ಸಣ್ಣ ಸಣ್ಣ ಅಂಕಣಗಳನ್ನು ಮಾಡಿ, ಅವುಗಳಲ್ಲಿ ಕಲ್ಲನ್ನೋ ಇಟ್ಟಿಗೆಯನ್ನೋ ಮಣ್ಣಿನೊಡನೆ ತುಂಬುತ್ತಾರೆ. ತುಂಡುತುಂಡು ಬಟ್ಟೆಗಳನ್ನು ಸೇರಿಸಿ ಹೊಲಿದ ಹೊದಿಕೆಯಂತೆ ಕಾಣುವುದರಿಂದ ಆ ಹೆಸರು. ನಮ್ಮ ಉತ್ತರ ಕರ್ನಾಟಕದವರು ನೋಡಿದರೆ ಕೌದಿಯ ಗೋಡೆಯೆಂದಾರು. ೨೦೦೫ನೆಯ ಅಕ್ಟೋಬರ್ ೮ರ ಕಾಶ್ಮೀರದ ಭೂಕಂಪದಲ್ಲಿ ಬರಿಯ ಕಲ್ಲಿನ ದಪ್ಪ ಗೋಡೆಗಳು ಉರುಳಿ ಜನರನ್ನು ಹೂತವು. ಇಂಥ ತೆಳುಗೋಡೆಯ ಮನೆಗಳು ಬಿರುಕು ಬಿಟ್ಟರೂ ಬಹುಮಟ್ಟಿಗೆ ನಿಂತವು. ಆಮೇಲೆ ಪಾಕಿಸ್ತಾನದ ಆಡಳಿತದಲ್ಲಿರುವ ಭಾಗದಲ್ಲಿ ಸಾವಿರಾರು ಮನೆಗಳನ್ನು ಈ ಕ್ರಮದಲ್ಲಿಯೇ ಹೊಸದಾಗಿ ಕಟ್ಟಿದರು. ಅಸ್ಸಾಮಿನಲ್ಲಿ ೧೮೯೭ನೆಯ ಜೂನ್ ೧೨ರ ಮಹಾಭೂಕಂಪವು ಕಲ್ಲು ಇಟ್ಟಿಗೆಗಳ ಕಟ್ಟಡಗಳನ್ನು ನೆಲಸಮಮಾಡಿದ ಮೇಲೆ, ಮರದ ಚೌಕಟ್ಟಿಗೆ ಜೊಂಡಿನ ತಟ್ಟಿ ಕಟ್ಟಿ ಗಾರೆ ಬಳಿದ ಹಗುರವಾದ ಮನೆಗಳು ಅಲ್ಲಿ ಹರಡಿದವು. ಅವುಗಳಿಗೆ ‘ಅಸ್ಸಾಂ ಮಾದರಿಯ ಮನೆ’ಯೆಂದೇ ಹೆಸರು.

ಮರಕ್ಕೆ ಶತ್ರುಗಳಿಲ್ಲವೇ ಎಂದು ಕೇಳುವಿರಿ. ಇದ್ದಾರೆ: ನೀರು, ಗೆದ್ದಲು, ಬೆಂಕಿ. ಕಾಂಕ್ರೀಟಿನ ಮೇಲೆ ಕೂರುವ ಅಡಿಪಟ್ಟಿಯನ್ನು ಔಷಧ ಹಿಡಿಸಿದ ಮರದಿಂದಲೇ ಮಾಡಬೇಕೆಂಬ ನಿಯಮವು ಮೊದಲೆರಡರ ದೆಸೆಯಿಂದ ಬಂದುದು. ಬೆಂಕಿಯ ವಿಷಯದಲ್ಲಿ ಹಳೆಯ ಬಲೂನು ಚೌಕಟ್ಟಿನಲ್ಲಿ ಒಂದು ದೊಡ್ಡ ಕುಂದಿತ್ತು. ಅದರಲ್ಲಿ ಕಿರುಗಂಬಗಳು ತಳಪಾಯದಿಂದ ಮಾಡಿನವರೆಗೆ ಎರಡಂತಸ್ತಿಗೂ ಏಕವಾಗಿ ಏರುತ್ತಿದ್ದವು; ನಡುವಣ ತೆರಪು ಹೊಗೆಗೂಡಿನಂತೆ ಬೆಂಕಿಯನ್ನು ಮೇಲಕ್ಕೆ ಸೆಳೆಯುತ್ತಿತ್ತು. ಆದ್ದರಿಂದ ಆ ತೆರಪಿಗೆ ಅಲ್ಲಲ್ಲಿ ಅಡ್ಡಮರ ಕೊಟ್ಟು ಮುಚ್ಚಬೇಕಾಯಿತು. ಈಗಿನ ಕ್ರಮದಲ್ಲಿ ಒಂದಂತಸ್ತಿನ ಗೋಡೆಯನ್ನು ಮುಗಿಸಿ, ಅದರ ಮೇಲೆ ಮಹಡಿಯ ನೆಲವನ್ನು ಹಾಸಿ, ಆ ನೆಲದ ಮೇಲೆ ಮುಂದಿನ ಗೋಡೆಯನ್ನು ಕಟ್ಟುತ್ತಾರೆ. ತಲೆಪಟ್ಟಿಗಳೇ ಬೆಂಕಿಗೆ ಅಡ್ಡವಾಗುತ್ತವೆ.

ನಾಲ್ಕನೆಯ ಶತ್ರುವೊಬ್ಬನುಂಟು, ಆತನು ಮನುಷ್ಯನೇ. ಬಡಗಿಯು ಹೋದ ಮೇಲೆ ನಲ್ಲಿಯವನೂ ವಿದ್ಯುತ್ತಿನವನೂ ಬರುತ್ತಾರೆ, ತಮ್ಮ ಕೊಳವೆ ತಂತಿಗಳಿಗೆ ದಾರಿ ಬೇಕೆಂದು ಕಂಬಗಳನ್ನು ಕೊರೆಯುತ್ತಾರೆ. ಭಾರ ಹೊರುವ ಕಿರುಗಂಬದ ಅಂಚನ್ನು ಕಡಿಯುವುದಾದರೆ ಅದರ ಅಗಲದ ಕಾಲುಪಾಲಿಗೆ ಮೀರಕೂಡದು. ರಂಧ್ರವಾದರೆ ನೂರಕ್ಕೆ ನಾಲ್ವತ್ತು ಪಾಲಿಗೆ ಮೀರಕೂಡದು. ಮೂರೂವರೆ ಅಂಗುಲದ ಕಂಬದಲ್ಲಿ ಒಂದಂಗುಲ ಕಡಿದರೂ ನಿಯಮ ಮೀರಿತು.

ದಪ್ಪವಾದ ಗೋಡೆ ಭದ್ರವೆಂಬ ಮಾತಿನಿಂದ ಆರಂಭಿಸಿದೆವು. ಭದ್ರತೆಯು ದಪ್ಪದಲ್ಲಿ ಮಾತ್ರವೇ ಇರುವುದಿಲ್ಲವೆಂಬುದು ಇಷ್ಟರಿಂದ ಸ್ಪಷ್ಟವಾಗಿರಬೇಕು. ಮನೆಯನ್ನು ಕಟ್ಟಿಸುವವರೂ ಕೊಳ್ಳುವವರೂ ನೆಲದ ನಯವನ್ನೂ ಬಾಗಿಲಿನ ಕೆತ್ತನೆಯನ್ನೂ ನೋಡುವುದು ಸಹಜ, ನೋಡಲಿ. ಅದಕ್ಕೆ ಮುಂಚೆ ಮೇಸ್ತ್ರಿಯನ್ನೋ ಎಂಜಿನಿಯರನ್ನೋ ಎರಡು ಪ್ರಶ್ನೆಗಳನ್ನು ಕೇಳಿದರೆ ಒಳ್ಳೆಯದು. ಮಾಡಿನ ಭಾರವು ಎಲ್ಲಿಯೂ ಕಡಿಯದೆ ನೆಲಕ್ಕೆ ಇಳಿಯುವ ದಾರಿ ಯಾವುದು? ಈ ಮನೆಯನ್ನು ಪಕ್ಕದಿಂದ ನೂಕಿದರೆ ತಡೆಯುವುದು ಯಾವುದು? ಮೊದಲನೆಯದಕ್ಕೆ ಬಹುಮಂದಿ ಉತ್ತರ ಹೇಳಿಯಾರು. ಎರಡನೆಯದಕ್ಕೂ ಅಷ್ಟೇ ಖಚಿತವಾಗಿ ಬೆರಳಿಟ್ಟು ತೋರಿಸಬಲ್ಲವನ ಕೈಗೆ ಕೆಲಸವನ್ನು ಒಪ್ಪಿಸಬಹುದು.